ಅಕ್ಕಿಪೇಟೆ ತಕ್ಕಡಿಯ ಮೇಲೆ ನರಸಿಂಹಯ್ಯ

ಅಕ್ಕಿಪೇಟೆಯಲ್ಲಿ ದೇವರ ಮೇಲೆ ಆಣೆ ಇಟ್ಟರೂ ನಂಬದ ಜನ, ನರಸಿಂಹಯ್ಯ ತೂಕ ಕೂಗಿದರೆ ನಂಬುತ್ತಿದ್ದರು. ವೃಷಭೇಂದ್ರಪ್ಪನವರ ಅಕ್ಕಿ ಮಂಡಿಯಲ್ಲಿ ಇಪ್ಪತ್ತೆಂಟು ವರ್ಷದಿಂದ ತೂಗುವ ಕೆಲಸ ಅವನದು. ನೆಲದ ಮೇಲೆ ಒಂದು ಕಬ್ಬಿಣದ ಹಲಗೆ, ಪಕ್ಕದಲ್ಲಿ ಎದೆಮಟ್ಟದ ಕಂಬ, ಕಂಬದ ಮೇಲೆ ಗೀಟು ಹಾಕಿದ ಅಡ್ಡಪಟ್ಟಿ, ಪಟ್ಟಿಯ ಮೇಲೆ ಜರುಗುವ ಗುಂಡು: ಇದೇ ಅವನ ತಕ್ಕಡಿ. ಹಮಾಲಿ ಸೊಣ್ಣಪ್ಪ ಮೂಟೆ ಇಳಿಸುತ್ತಿದ್ದಂತೆ ಎರಡು ಬೆರಳಲ್ಲಿ ಗುಂಡು ಜರುಗಿಸಿ ತೂಕ ಕೂಗಿಬಿಡುವನು. ಆಮೇಲೆ ಕೊಳ್ಳುವವನಾಗಲಿ ಮಾರುವವನಾಗಲಿ ತುಟಿ ಎರಡು ಮಾಡುತ್ತಿರಲಿಲ್ಲ. ತೂಕ ಹೆಚ್ಚಿಸಲು ಅಕ್ಕಿಗೆ ನೀರು ಚಿಮುಕಿಸಿ ತರುವ ಕಳ್ಳರಿಗಂತೂ ಅವನು ಯಮ. ಮೂಟೆಯೊಳಗೆ ಕೈಬಿಟ್ಟು ಹಿಡಿ ಅಕ್ಕಿ ತೆಗೆದು ಮೂಸಿ, "ಇದು ಅಕ್ಕಿಯಲ್ಲಪ್ಪಾ, ಕೆಂಪಾಂಬುಧಿ ಕೆರೆ. ವಾಪಸ್ ತಗೊಂಡೋಗು" ಎನ್ನುವನು.

ಇಂಥ ನರಸಿಂಹಯ್ಯನ ಸ್ವಂತ ತೂಕ ತೊಂಬತ್ತೆರಡು ಕೇಜಿ. ಮೂಟೆಯದು ನೂರು. "ಅಣ್ಣೋ, ಇನ್ನೆಂಟು ಕೇಜಿ ತಿಂದ್ಬಿಡು, ನಿನ್ನೂ ಬಾಯಿ ಹೊಲ್ದು ಅಟ್ಟಿ ಒಟ್ತೀನಿ" ಎಂದು ಸೊಣ್ಣಪ್ಪ ಅಣಕಿಸುವನು. ಮಂಡಿಯೆಲ್ಲ ನಗುವುದು, ಎಲ್ಲರಿಗಿಂತ ಜೋರಾಗಿ ನರಸಿಂಹಯ್ಯನೇ ನಗುವನು.

ಆ ನಗು ನಿಂತದ್ದು ಎಪ್ಪತ್ತೆಂಟನೇ ಇಸವಿಯ ಬೇಸಿಗೆಯಲ್ಲಿ. ಅವನ ಅಣ್ಣ ದೊಡ್ಡಬೈರಪ್ಪ ಐವತ್ತೆರಡು ತುಂಬಿದ ಎರಡನೇ ತಿಂಗಳಿಗೆ, ಒಂದು ಬೀಗರೂಟದಲ್ಲಿ ನಾಲ್ಕನೇ ಸಲ ಬಡಿಸಿಕೊಂಡು, ಎದೆ ಹಿಡಿದುಕೊಂಡು ಎಲೆಯ ಮೇಲೇ ಒರಗಿದ. ಅಪ್ಪ ಹೋದದ್ದೂ ಅದೇ ವಯಸ್ಸಿಗೆ, ಅದೇ ಗಾತ್ರದಲ್ಲಿ. ಅಣ್ಣನ ಚಟ್ಟಕ್ಕೆ ನಾಲ್ಕು ಹೆಗಲು ಸಾಲದೆ ಎಂಟು ಹೆಗಲು ಬಂದವು. ಅದರಲ್ಲಿ ಒಂದು ನರಸಿಂಹಯ್ಯನದು, ಮತ್ತು ನರಸಿಂಹಯ್ಯನಿಗೆ ಆಗ ಐವತ್ತೊಂದು. 

ಸ್ಮಶಾನದಿಂದ ಬಂದ ನಾಲ್ಕನೆಯ ದಿನ ಚಾಮರಾಜಪೇಟೆಯ ಡಾಕ್ಟರ್ ಶ್ರೀನಿವಾಸಯ್ಯನವರ ಮುಂದೆ ನಿಂತ. ಅವರು ಎದೆಗೆ ಕೊಳವೆ ಇಟ್ಟು ಕೇಳಿ, "ನಿಮ್ಮಣ್ಣನ ಹಿಂದೇನೇ ಕ್ಯೂ ನಿಂತಿದೀಯಲ್ಲಯ್ಯಾ. ಇಳಿಸು, ಇಲ್ದಿದ್ರೆ ಹೊರಡು" ಎಂದರು.

ಇಳಿಸಿದ. ಎರಡು ಮುದ್ದೆ ನುಂಗುತ್ತಿದ್ದವನು ಅರ್ಧಕ್ಕೆ ಬಂದ. ಸಕ್ಕರೆ ಬಿಟ್ಟ, ಬೋಂಡ ಬಿಟ್ಟ, ಗವಿಪುರದ ಮನೆಯಿಂದ ಅಕ್ಕಿಪೇಟೆಗೆ ಬಸ್ಸು ಬಿಟ್ಟು ನಡೆದ. ದಿನಾ ಬೆಳಿಗ್ಗೆ ಮಂಡಿಯ ಬಾಗಿಲು ತೆಗೆಯುತ್ತಲೇ ತಾನೇ ತಕ್ಕಡಿ ಹತ್ತಿ, ಬಂದ ಅಂಕಿಯನ್ನು ಇದ್ದಿಲಿನಲ್ಲಿ ಗೋಡೆಗೆ ಬರೆದ. ಹತ್ತು ತಿಂಗಳಲ್ಲಿ ಆ ಅಂಕಿ ತೊಂಬತ್ತೆರಡರಿಂದ ಎಪ್ಪತ್ತನಾಲ್ಕಕ್ಕೆ ಬಂತು. ಐವತ್ತೆರಡನೇ ವರ್ಷ ಬಂತು, ಎರಡು ತಿಂಗಳು ದಾಟಿತು, ಆಸಾಮಿ ಬದುಕಿದ್ದ.

"ಭೇಷ್, ಸಾಕು" ಎಂದರು ಡಾಕ್ಟರು. "ಇನ್ನು ಇಳೀಬೇಡ. ಹೊತ್ತಿಗೊಂದು ಮುದ್ದೆ ತಿನ್ನು. ಒಂದೆರಡು ಕೇಜಿ ಹಿಂದೆಮುಂದೆ ಆಗುತ್ತೆ, ತಲೆ ಕೆಡಿಸ್ಕೋಬೇಡ."

ತಲೆ ಕೆಡಿಸಿಕೊಳ್ಳಬೇಡ ಎಂದು ಯಾರಿಗೆ ಹೇಳಿದರು? ಕಾಲು ಕೇಜಿ ಏರುಪೇರಾದರೆ ಮೂಟೆ ವಾಪಸ್ ಕಳಿಸುವ ಮನುಷ್ಯನಿಗೆ! ಇಳಿಯುವುದು ಅವನಿಗೆ ಅಭ್ಯಾಸವಾಗಿತ್ತು, ನಿಲ್ಲುವುದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಭಾನುವಾರ ಹೆಂಡತಿ ನರಸಮ್ಮನ ಬಲವಂತಕ್ಕೆ ಒಂದು ಮುದ್ದೆ, ನಾಲ್ಕು ಚೂರು ಬಾಡು ತಿಂದ. ಸೋಮವಾರ ಗೋಡೆಯ ಮೇಲೆ ಎಪ್ಪತ್ತೈದು ಕಾಲು ಬಿತ್ತು. ಆ ಒಂದೂಕಾಲು ಕೇಜಿ ಅವನ ಪಾಲಿಗೆ ಮಾಂಸವಲ್ಲ, ಅಣ್ಣ ಕಳಿಸಿದ ಕಾಗದ.

ಮತ್ತೆ ಅರ್ಧ ಮುದ್ದೆಗೆ ಇಳಿದ. "ಡಾಕ್ಟ್ರು ಒಂದು ತಿನ್ನಿ ಅಂದವ್ರಲ್ಲಾ" ಎಂದು ನರಸಮ್ಮ ಅಂಗಲಾಚಿದರೆ, "ಡಾಕ್ಟ್ರಿಗೇನು, ಚಟ್ಟ ಹೊರೋರು ಅವ್ರಾ?" ಎಂದು ರೇಗಿದ. ಬುಧವಾರ ಎಪ್ಪತ್ತನಾಲ್ಕು ಆಯಿತು, ಮೀಸೆ ತಿರುವಿದ. ಗುರುವಾರ ಉಪ್ಪುಸಾರು, ಉಪ್ಪಿನಕಾಯಿ. ಶುಕ್ರವಾರ ಎಪ್ಪತ್ತೈದೂಮುಕ್ಕಾಲು. ತಿಂದದ್ದು ಅರ್ಧ ಮುದ್ದೆ, ಏರಿದ್ದು ಒಂದೂಮುಕ್ಕಾಲು ಕೇಜಿ! ಅಂಗಿ ಬಿಚ್ಚಿ ಹತ್ತಿದ, ಪಂಚೆ ಬಿಚ್ಚಿ ಚಡ್ಡಿಯಲ್ಲಿ ಹತ್ತಿದ. ಸೊಂಟದ ಬೆಳ್ಳಿ ಉಡದಾರದ ಮೇಲೂ ಕೈ ಇಟ್ಟ. ಗಂಡಸಾದವನು ಉಡದಾರ ಬಿಚ್ಚುವುದುಂಟೇ ಎಂದು ನಾಚಿಕೆಯಾಗಿ ಕೈ ತೆಗೆದ. ಅಷ್ಟರಲ್ಲಿ ಬಂದ ಸೊಣ್ಣಪ್ಪ, "ಏನಣ್ಣೋ, ಮಂಡಿ ಮುಚ್ಚಿ ಗರಡಿ ತೆಗುದ್ಯಾ?" ಎಂದ.

ಶುಕ್ರವಾರ ರಾತ್ರಿ ಉಪವಾಸ. ಶನಿವಾರ ಬೆಳಗಾಗುವ ಹೊತ್ತಿಗೆ ಹೊಟ್ಟೆ ತಾಳ ಹಾಕುತ್ತಿತ್ತು. ಮಂಡಿಗೆ ಬಂದವನೇ ಅಲ್ಲಿದ್ದ ಮಡಕೆಯಿಂದ ಎರಡು ಚೊಂಬು ನೀರು ಗಟಗಟ ಕುಡಿದು ತಕ್ಕಡಿ ಹತ್ತಿದ. ಎಪ್ಪತ್ತಾರೂಕಾಲು.

ನರಸಿಂಹಯ್ಯ ಲೆಕ್ಕ ಹಾಕಿದ. ತಿನ್ನದೆ ಮನುಷ್ಯ ಏರುವುದಿಲ್ಲ. ಆದ್ದರಿಂದ ತಾನು ಏರಿಲ್ಲ. ಆದ್ದರಿಂದ ತಕ್ಕಡಿ ಕೆಟ್ಟಿದೆ. ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಮರುಕ್ಷಣವೇ ಇನ್ನೊಂದು ಕಲ್ಲು ಬಿತ್ತು. ಕೆಟ್ಟ ತಕ್ಕಡಿಯಲ್ಲಿ ತೂಗಿದರೆ ಇಪ್ಪತ್ತೆಂಟು ವರ್ಷದ ಮಾತಿನ ಗತಿ ಏನು? ತಕ್ಕಡಿಯ ಹಲಗೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತುಬಿಟ್ಟ. "ಇದ್ರಲ್ಲಿ ಒಂದು ಕಾಳೂ ತೂಗಲ್ಲ, ತೂಗೋಕೂ ಬಿಡಲ್ಲ."

ಹನ್ನೊಂದು ಗಂಟೆಗೆ ಬೀದಿಯ ತುದಿಯವರೆಗೆ ಎತ್ತಿನಗಾಡಿಗಳು ನಿಂತವು. ಗಾಡಿಯವರು ಬೈದರು, ಎತ್ತುಗಳು ತಮ್ಮ ಕೆಲಸ ಬೀದಿಯಲ್ಲೇ ಮುಗಿಸಿದವು. ವೃಷಭೇಂದ್ರಪ್ಪನವರು ಹಣೆಯ ವಿಭೂತಿ ಬೆವರಿನಲ್ಲಿ ಕರಗುತ್ತಿರಲು, "ಏಳಯ್ಯಾ ಪುಣ್ಯಾತ್ಮ!" ಎಂದು ಕೈಮುಗಿದರು. ಏಳಲಿಲ್ಲ. ಕೊನೆಗೆ ಪಕ್ಕದ ಮಂಡಿಯಿಂದ ಸರ್ಕಾರಿ ಮುದ್ರೆಯ ಇಪ್ಪತ್ತು ಕೇಜಿಯ ನಾಲ್ಕು ಕಬ್ಬಿಣದ ಬಟ್ಟು ತರಿಸಿದರು. ಅದಕ್ಕೆ ಎದ್ದ. ತಾನೇ ಗುಂಡು ಜರುಗಿಸಿದ. ಎಂಬತ್ತು, ಒಂದು ಕೂದಲೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ.

"ತಕ್ಕಡಿ ಸರಿಯಾಗೈತೆ" ಎಂದ ನರಸಿಂಹಯ್ಯ. "ಹಂಗಾದ್ರೆ ನಾನೇ ಏರಿದ್ದು, ಸಾವ್ಕಾರ್ರೇ. ತಿನ್ನದೇನೇ ಏರ್ತಾ ಇದೀನಿ. ಅಪ್ಪನ ಕಾಯ, ಅಣ್ಣನ ಕಾಯ. ಬಿಡಲ್ಲ ಅದು."

"ಬೆಳಿಗ್ಗೆ ಏನು ತಿಂದೆ?"

"ಏನೂ ಇಲ್ಲ. ನೀರು ಕುಡ್ದೆ."

"ಎಷ್ಟು?"

"ಎರಡು ಚೊಂಬು."

ವೃಷಭೇಂದ್ರಪ್ಪನವರು ಅವನ ಮುಖ ನೋಡಿದರು. ಖಾಲಿ ಬಿಂದಿಗೆಯನ್ನು ತಕ್ಕಡಿಯ ಮೇಲಿಟ್ಟು ತೂಗಿಸಿದರು, ಅದಕ್ಕೆ ಅದೇ ಚೊಂಬಿನಲ್ಲಿ ಎರಡು ಚೊಂಬು ನೀರು ಹೊಯ್ದು ಮತ್ತೆ ತೂಗಿಸಿದರು. ಒಂದೂಮುಕ್ಕಾಲು ಕೇಜಿ ಹೆಚ್ಚು ಬಂತು.

"ಊರಿನ ಅಕ್ಕಿಯೆಲ್ಲ ಮೂಸಿ ನೀರು ಹಿಡಿಯೋನು ನೀನು" ಎಂದರು ಅವರು. "ಇವತ್ತು ನೀರು ಹೊಡೆದ ಮೂಟೆ ನೀನೇ ಕಣಯ್ಯಾ! ಉಪ್ಪು ತಿಂದ್ರೆ ಮೈ ನೀರು ಹಿಡ್ಕೊಳ್ಳುತ್ತೆ, ಬೆವರಿದ್ರೆ ಬಿಡುತ್ತೆ. ಮಳೆಗಾಲದ ಅಕ್ಕಿಗೆ ಅರ್ಧ ಕೇಜಿ ಮಾಫಿ ಮಾಡ್ತೀಯ, ನಿನಗೆ ನೀನು ಮಾಡ್ಕೊಳೋಕಾಗಲ್ವಾ?"

ಮಂಡಿಯೆಲ್ಲ ಹೊಟ್ಟೆ ಹುಣ್ಣಾಗುವಂತೆ ನಕ್ಕಿತು. ನರಸಿಂಹಯ್ಯ ಎಷ್ಟೋ ತಿಂಗಳ ಮೇಲೆ ನಗಲು ಬಾಯಿ ತೆರೆದ. ಅಷ್ಟರಲ್ಲಿ ಗಾಡಿಗಳ ನಡುವಿನಿಂದ ನರಸಮ್ಮ ಓಡಿಬಂದಳು. ಗವಿಪುರದ ಕಡೆಯ ಗಾಡಿಯವನೊಬ್ಬ, 'ನಿಮ್ ಯಜಮಾನ್ರು ಮಂಡೀಲಿ ಕುಂತ್ಬಿಟ್ಟವ್ರೆ, ಎಷ್ಟು ಕರುದ್ರೂ ಏಳ್ತಿಲ್ಲ' ಎಂದು ಸುದ್ದಿ ಮುಟ್ಟಿಸಿದ್ದ. ಅಷ್ಟು ದೂರ ಬರಿಗಾಲಲ್ಲಿ ಓಡಿಬಂದವಳು, ನಿಂತುಕೊಂಡು ಹಲ್ಲು ಕಿರಿಯುತ್ತಿರುವ ಗಂಡನನ್ನು ನೋಡಿ, "ಅಯ್ಯೋ ನಿಮ್ಮ..." ಎಂದು ಬೈಗುಳ ಶುರು ಮಾಡಿ, ಮುಗಿಸಲಾರದೆ ಕುಸಿದಳು.

ಸೊಣ್ಣಪ್ಪ ಹಾರಿ ಹಿಡಿದುಕೊಂಡ. ಇಪ್ಪತ್ತು ವರ್ಷ ಮೂಟೆ ಹೊತ್ತ ತೋಳು ಅವನದು. ಅವಳನ್ನು ಎತ್ತಿದವನ ಮುಖ ಪೆಚ್ಚಾಯಿತು. "ಅಣ್ಣೋ, ಅತ್ತಿಗೆ ಮೈಯಲ್ಲಿ ತೂಕಾನೇ ಇಲ್ವಲ್ಲೋ" ಎಂದು, ಹತ್ತಿರವಿದ್ದ ಜಾಗವೆಂದು ತಕ್ಕಡಿಯ ಹಲಗೆಯ ಮೇಲೇ ಕೂರಿಸಿ ನೀರು ತರಲು ಓಡಿದ. ಹಲಗೆಯ ಮೇಲೆ ಏನಾದರೂ ಬಿದ್ದರೆ ನರಸಿಂಹಯ್ಯನ ಬೆರಳು ತಾನಾಗಿ ಗುಂಡಿಗೆ ಹೋಗುತ್ತದೆ. ಹೋಯಿತು. ಅಂದಾಜಿಗೆ ಎಪ್ಪತ್ತಕ್ಕಿಟ್ಟು ಹಿಂದಕ್ಕೆ ಜರುಗಿಸಿದ, ಅರವತ್ತು, ಐವತ್ತು, ಇನ್ನೂ ಹಿಂದಕ್ಕೆ. ಪಟ್ಟಿ ನಿಂತದ್ದು ಮೂವತ್ತೊಂಬತ್ತಕ್ಕೆ. ತೂಕ ಕೂಗುವ ಬದಲು ಅವಳ ಮುಂದೆ ಕುಕ್ಕರಿಸಿದ.

"ಏನಾಯ್ತೇ ನಿಂಗೆ? ಊಟ ಮಾಡ್ತಿಲ್ವಾ?"

"ಮಾಡ್ತೀನಿ" ಎಂದಳು ನರಸಮ್ಮ, ಕಣ್ಣು ಬಿಟ್ಟು. "ನೀವು ಅರ್ಧ ಮುದ್ದೆ ತಿಂದು ಎದ್ದೋಗ್ತೀರ. ನಿಮಗಿಂತ ಜಾಸ್ತಿ ನಾನು ತಿಂದ್ರೆ ಗಂಟಲಲ್ಲಿ ಇಳಿಯುತ್ತಾ? ನೀವು ತಿಂದಷ್ಟೇ ನಾನೂ. ನಿನ್ನೆ ನೀವು ತಿನ್ಲಿಲ್ಲ."

ಹನ್ನೊಂದು ತಿಂಗಳು ದಿನಾ ಎದುರಿಗೆ ಕುಳಿತು ಬಡಿಸಿದವಳು. ಅಕ್ಕಿಕಾಳಿನ ಹಸಿ ಕಂಡುಹಿಡಿಯುವ ಕಣ್ಣಿಗೆ ಹೆಂಡತಿ ಸವೆದದ್ದು ಕಂಡಿರಲಿಲ್ಲ. ಅಷ್ಟು ಜನರ ಮುಂದೆ ನರಸಿಂಹಯ್ಯ ಹೆಗಲ ಮೇಲಿನ ಟವೆಲನ್ನು ಬಾಯಿಗೆ ತುರುಕಿಕೊಂಡು ಅತ್ತ. ಯಾರೂ ಅಣಕಿಸಲಿಲ್ಲ, ಸೊಣ್ಣಪ್ಪ ಕೂಡ.

ಸಾವ್ಕಾರರು ಹಿಡಿದುಕೊಟ್ಟ ಆಟೋದಲ್ಲಿ ಮನೆಗೆ ಕರೆದುಕೊಂಡು ಹೋಗಿ, ಅವಳನ್ನು ಚಾಪೆಯ ಮೇಲೆ ಕೂರಿಸಿ, ತಾನೇ ಒಲೆ ಹಚ್ಚಿ ಹಿಟ್ಟು ತಿರುವಿದ. ಮುದ್ದೆ ಗಂಟುಗಂಟಾಯಿತು. ಅವಳ ತಟ್ಟೆಗೊಂದು ಇಟ್ಟ. ಅವಳು ತಟ್ಟೆ ಮುಟ್ಟದೆ ಅವನ ತಟ್ಟೆಯನ್ನೇ ನೋಡುತ್ತಿದ್ದಳು. ಅದರಲ್ಲಿ ಅರ್ಧ ಇತ್ತು.

"ಇಡಿ" ಎಂದಳು.

ನರಸಿಂಹಯ್ಯನಿಗೆ ಹೆದರಿಕೆ ಹೋಗಿರಲಿಲ್ಲ. ಆದರೂ ಉಳಿದರ್ಧವನ್ನೂ ಹಾಕಿಕೊಂಡು, ಮೊದಲ ತುತ್ತು ಮುರಿದು, ಸಾರಿನಲ್ಲಿ ಅದ್ದಿ ನುಂಗಿದ. ಆಮೇಲೆ ನರಸಮ್ಮ ತನ್ನ ತಟ್ಟೆಗೆ ಕೈ ಹಾಕಿದಳು.