ಒಂದು ಹಾಸಿನಷ್ಟು ಹಾಡು

ಹಿಂದೂಪುರದ ನೇಕಾರರ ಬೀದಿಯಲ್ಲಿ ಹಗಲು ಹೊತ್ತು ಒಂದು ಮನೆಯ ಮಗ್ಗ ಸದ್ದಿಲ್ಲದೆ ಕೂತಿದೆ ಎಂದರೆ, ಹೆಚ್ಚಾಗಿ ಆ ಮನೆಗೆ ತಿಪ್ಪೇಶ ಬಂದಿರುತ್ತಾನೆ. ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ರೇಷ್ಮೆ ಎಳೆಗಳ ಹಾಸು ನೇಯ್ದು ಮುಗಿಯುತ್ತ ಬಂದಾಗ, ಉಳಿದ ಗೇಣುದ್ದದ ಹಳೆಯ ಎಳೆಗಳಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಸೇರಿಸಬೇಕು. ಒಂದು ಸೀರೆಯ ಅಗಲಕ್ಕೆ ನಾಲ್ಕೂವರೆ ಸಾವಿರಕ್ಕೂ ಮೇಲೆ ಎಳೆ. ಗಂಟು ಹಾಕುವಂತಿಲ್ಲ, ಎಳೆಗಳು ಹಾಯುವ ಹಣಿಗೆಯಂಥ ಅಚ್ಚಿನ ಸಂದಿಯಲ್ಲಿ ಗಂಟು ನುಸುಳುವುದಿಲ್ಲ. ಬೆರಳಿಗೆ ಚೂರು ಬೂದಿ ಮುಟ್ಟಿಸಿಕೊಂಡು, ಹಳೆಯ ತುದಿ ಹೊಸ ತುದಿ ಎರಡನ್ನೂ ಸೇರಿಸಿ ಹಿಡಿದು ಹೊಸೆಯಬೇಕು. ಈ ಕೆಲಸಕ್ಕೆ ಕೆಚ್ಚುವುದು ಎನ್ನುತ್ತಾರೆ. ತಿಪ್ಪೇಶ ಹದಿಮೂರನೇ ವಯಸ್ಸಿನಿಂದ ಮನೆಮನೆಗೆ ಹೋಗಿ ಕೆಚ್ಚುತ್ತಿದ್ದಾನೆ. ಈಗ ಅವನಿಗೆ ನಲವತ್ತೇಳು.

ಮಗ್ಗ ನಡೆಯುವ ಮನೆಯಲ್ಲಿ ಬೇರೆ ಏನೂ ಕೇಳಿಸುವುದಿಲ್ಲ. ಕೆಚ್ಚುವ ದಿನ ಮಾತ್ರ ಮನೆ ಸುಮ್ಮನಿರುತ್ತದೆ. ಆ ದಿನ ಕೆಚ್ಚುವವರನ್ನು ಯಾರೂ ಮಾತಾಡಿಸಬಾರದು, ಮಾತಾಡಿಸಿದರೆ ಎಳೆ ತಪ್ಪುತ್ತದೆ. ಮಾತಿಲ್ಲದ ಅಷ್ಟು ಹೊತ್ತನ್ನು ಏನು ಮಾಡುವುದು? ತಿಪ್ಪೇಶನ ಚೀಲದಲ್ಲಿ ಬೂದಿಯ ಡಬ್ಬಿಯ ಪಕ್ಕ ಒಂದು ಸಣ್ಣ ಸ್ಪೀಕರ್ ಇರುತ್ತದೆ. ಅದನ್ನು ಮಗ್ಗದ ಕಂಬಕ್ಕೆ ನೇತುಹಾಕಿ, ಫೋನಿನಿಂದ ಹಾಡು ಹಾಕಿಕೊಂಡು ಕೂರುತ್ತಾನೆ.

ಅವನು ಹಾಕುವ ಹಾಡುಗಳು ಊರಿನ ಯಾರಿಗೂ ಗೊತ್ತಿರುವ ಹಾಡುಗಳಲ್ಲ. ಎಲ್ಲೋ ಬೆಟ್ಟದ ಊರಿನ ಹುಡುಗಿಯೊಬ್ಬಳು ನಾಲ್ಕು ತಂತಿಯ ಪುಟ್ಟ ಗಿಟಾರ್ ಹಿಡಿದು ಹಾಡಿದ್ದು. ಅದು ಯಾವ ಭಾಷೆ ಎಂದು ಅವನಿಗೆ ಇವತ್ತಿಗೂ ತಿಳಿದಿಲ್ಲ. ನೀರಿನ ಕ್ಯಾನನ್ನೇ ಡೋಲು ಮಾಡಿಕೊಂಡ ಮೂವರು ಕಾಲೇಜು ಹುಡುಗರು, ಬಾರದ ಬಸ್ಸಿನ ಮೇಲೆ ಕಟ್ಟಿದ ಹಾಡು. ಮಹಡಿಯ ಮೇಲೆ ಕೂತು ಒಬ್ಬಾಕೆ ಹಾಡಿದ ತೆಲುಗು ಹಾಡು. ಅದರ ನಡುವೆ ಯಾರದೋ ಮನೆಯ ಕುಕ್ಕರ್ ಕೂಗುತ್ತದೆ, ಆಕೆ ನಕ್ಕು ಮುಂದುವರಿಸುತ್ತಾಳೆ. ದೂರದ ಮರಳುನಾಡಿನ ಮುದುಕನ ಗಿಟಾರ್. ಒಂದು ಹಾಡು ಕೇಳಿದ ಮೇಲೆ ಫೋನು ಅದರ ಕೆಳಗೆ ಇನ್ನೊಂದನ್ನು ತೋರಿಸುತ್ತದೆ. ನೂರು ಜನವೂ ಕೇಳಿರದ ಹಾಡು ಸಿಕ್ಕರೆ ತಿಪ್ಪೇಶನಿಗೆ ಹಬ್ಬ.

"ಏಮಿ ತಿಪ್ಪೇಶೂ, ಇದು ಹಾಡೋ ಇಲ್ಲ ಯಾರಿಗಾದ್ರೂ ಹೊಟ್ಟೆನೋವೋ?" ಎಂದು ಟೀ ಬಿಡುವಿನಲ್ಲಿ ಮಗ್ಗದ ಯಜಮಾನ ಸೀತಾರಾಮಪ್ಪ ಕಾಲೆಳೆಯುತ್ತಾನೆ.

"ಇನ್ನೊಂದ್ ಸಲ ಕೇಳು ಸೀತಾರಾಮಣ್ಣ, ಆಮೇಲೆ ಹೇಳು."

"ಅಯ್ಯೋ, ಒಂದ್ಸಲಕ್ಕೇ ನಮ್ಮ ಎಮ್ಮೆ ಹಾಲು ಕೊಡೋದ್ ನಿಲ್ಸೈತೆ ಕಣಪ್ಪ!"

ತಿಪ್ಪೇಶ ನಗುತ್ತಾನೆ, ಹಾಡನ್ನು ಮಾತ್ರ ಬದಲಾಯಿಸುವುದಿಲ್ಲ.

ಡಿಸೆಂಬರ್ ಬಂದರೆ ಅವನಿಗೆ ಇನ್ನೊಂದು ಕೆಲಸ. ವರ್ಷವಿಡೀ ಕೇಳಿದ್ದರಲ್ಲಿ ತನಗೆ ಅತಿ ಇಷ್ಟವಾದದ್ದನ್ನು ಆರಿಸಿ, ಯಾವುದರ ಹಿಂದೆ ಯಾವುದು ಎಂದು ಹತ್ತು ಸಲ ಹಿಂದೆ ಮುಂದೆ ಮಾಡಿ, ಮೆಮೊರಿ ಕಾರ್ಡುಗಳಿಗೆ ತುಂಬುತ್ತಾನೆ. ಜೊತೆಗೆ ನೋಟ್‌ಬುಕ್ಕಿನ ಹಾಳೆಯಲ್ಲಿ ಪಟ್ಟಿ. ಪ್ರತಿ ಹಾಡಿಗೂ ಒಂದು ಸಾಲು: "ಹುಡುಗಿ ಯಾರೋ ಗೊತ್ತಿಲ್ಲ. ಭಾಷೆಯೂ ಗೊತ್ತಿಲ್ಲ. ಎರಡು ಸಲ ಕೇಳಿ." ಹಾಡು ಎಷ್ಟಿರಬೇಕು ಎನ್ನುವುದಕ್ಕೂ ಅವನದೇ ಲೆಕ್ಕ. ಇಬ್ಬರು ಎದುರುಬದುರು ಕೂತರೆ ಒಂದು ಹಾಸು ಕೆಚ್ಚಿ ಮುಗಿಸಲು ಎರಡು ಗಂಟೆಯ ಮೇಲೆ ಸ್ವಲ್ಪ ಹಿಡಿಯುತ್ತದೆ. ಹಾಡುಗಳೂ ಅಷ್ಟೇ ಹೊತ್ತು, ಇಪ್ಪತ್ತಾರು. ಅವನೀಗ ಕೆಚ್ಚುವುದು ಒಬ್ಬನೇ, ಒಂದು ಹಾಸಿಗೆ ಅರ್ಧ ದಿನ ಬೇಕು. ಆದರೂ ಕಾರ್ಡಿನ ಅಳತೆ ಮಾತ್ರ ಇಬ್ಬರದೇ.

ಆ ಇನ್ನೊಬ್ಬರು ಅವನ ಅಕ್ಕ ಸರಸ್ವತಮ್ಮ. ಕೈಹಿಡಿದು ಕೆಲಸ ಕಲಿಸಿದವಳು ಅವಳೇ. ಅವಳು ಬಲಗಡೆಯಿಂದ, ಅವನು ಎಡಗಡೆಯಿಂದ ಹೊರಟು ಹಾಸಿನ ನಡುವಿಗೆ ಬಂದು ಸೇರುತ್ತಿದ್ದರು. ಇಪ್ಪತ್ತೇಳು ವರ್ಷ ಹಾಗೆ ಕೂತರು. ಆಗ ಕಂಬಕ್ಕೆ ನೇತಾಡುತ್ತಿದ್ದದ್ದು ರೇಡಿಯೋ. ಮುಳ್ಳನ್ನು ಎಲ್ಲರೂ ನಿಲ್ಲಿಸುವ ಕಡೆ ನಿಲ್ಲಿಸದೆ, ಗೊರಗೊರ ಸದ್ದಿನ ನಡುವೆ ಯಾವುದೋ ದೇಶದ ಹಾಡು ತೇಲಿ ಬರುವ ತನಕ ತಿರುಗಿಸುತ್ತಿದ್ದವಳು ಸರಸ್ವತಮ್ಮ. ಈ ಹುಚ್ಚು ತಿಪ್ಪೇಶನಿಗೆ ಅವಳಿಂದಲೇ ಹತ್ತಿದ್ದು.

ಏಳು ವರ್ಷದ ಹಿಂದೆ ಮಗಳು ಬನಶ್ರೀಯ ಬಾಣಂತನಕ್ಕೆ ಎಂದು ಸರಸ್ವತಮ್ಮ ಕಲ್ಯಾಣದುರ್ಗಕ್ಕೆ ಹೋದಳು. ಮೊಮ್ಮಗಳು ಕೀರ್ತನಾಳನ್ನು ಎತ್ತಿಕೊಂಡವಳು ಅಲ್ಲೇ ಉಳಿದಳು. ತಿಪ್ಪೇಶ ಪ್ರತಿ ವರ್ಷದ ಕೊನೆಗೂ ಮೊದಲ ಕಾರ್ಡನ್ನು ಪಟ್ಟಿಯಲ್ಲಿ ಸುತ್ತಿ, ಆ ಕಡೆಯ ಬಸ್ಸಿನ ಡ್ರೈವರ್ ಓಬುಳೇಶನ ಕೈಗೆ ಕೊಡುತ್ತಾನೆ. ಕಾರ್ಡು ತಲುಪುತ್ತದೆ. ಕೇಳಿದೆ ಅಂತಲೋ, ಚೆನ್ನಾಗಿಲ್ಲ ಅಂತಲೋ ಅಕ್ಕನಿಂದ ಒಂದು ಮಾತೂ ಬಂದಿಲ್ಲ. ಫೋನಿನಲ್ಲಿ ಕೇಳಿದರೆ ಅವಳು ಮಳೆ, ಮೊಮ್ಮಗಳ ಕೆಮ್ಮು, ತೊಗರಿಯ ರೇಟು ಎಲ್ಲ ಹೇಳಿ ಇಟ್ಟುಬಿಡುತ್ತಾಳೆ. ಬನಶ್ರೀಯನ್ನು ಕೇಳಿದರೆ, "ಅಮ್ಮ ಮಾತಾಡಕ್ ಬಿಟ್ರೆ ನನ್ ಫೋನ್ ಮುಟ್ಟಾಕಿಲ್ಲ ಮಾವ, ಕಾರ್ಡ್ ಎಲ್ಲಿ ಇಕ್ಕವಳೋ ನಂಗೆ ತಿಳೀದು" ಎನ್ನುತ್ತಾಳೆ.

ಈ ವರ್ಷ ಇಪ್ಪತ್ತಾರು ಹಾಡು ಆರಿಸಿ ಮುಗಿಸಿದಾಗ ತಿಪ್ಪೇಶನಿಗೆ ಏನೋ ಬೇಸರ ಬಂತು. ಹಿಂದೂಪುರದ ಏಳೆಂಟು ಮನೆಯವರು ಇವನ ಮುಖ ನೋಡಿ ಕಾರ್ಡು ಇಸಕೊಳ್ಳುತ್ತಾರೆ, ಅಷ್ಟೆ. ಯಾರಿಗೆ ಕೇಳಿಸಬೇಕು ಎಂದು ಇಷ್ಟೆಲ್ಲ ಮಾಡುತ್ತಿದ್ದನೋ ಅವಳಿಗೇ ಬೇಡವಾದರೆ ಇದನ್ನು ಯಾಕೆ ಮಾಡಬೇಕು? ಈ ಸಲ ತಾನೇ ಹೋಗಿ ಅಕ್ಕನ ಎದುರಿಗೇ ಹಾಕುವುದು. ಅವಳ ಮುಖದಲ್ಲಿ ಏನೂ ಕಾಣದಿದ್ದರೆ ಮುಂದಿನ ವರ್ಷದಿಂದ ಕಾರ್ಡು ನಿಲ್ಲಿಸಿಬಿಡುವುದು ಎಂದುಕೊಂಡ. ಅದೇ ವಾರ ಬನಶ್ರೀಯ ಗಂಡ ಆನಂದಕುಮಾರ ಫೋನು ಮಾಡಿ, ತನ್ನ ಮಗ್ಗದ ಹಾಸು ಮುಗಿಯಿತು, ಇಲ್ಲಿ ಕೆಚ್ಚುವವರಿಗೆ ಜ್ವರ, ಒಂದು ದಿನದ ಮಟ್ಟಿಗೆ ಬರಲಾದೀತೇ ಎಂದು ಕೇಳಿದ. ತಿಪ್ಪೇಶ ಮಾರನೆಯ ದಿನ ಬೆಳಗಿನ ಬಸ್ಸು ಹತ್ತಿದ.

"ಇದೇನಪ್ಪಾ, ಈ ಸಲ ಕಾರ್ಡಿನ ಜೊತೆ ನೀನೂ ಪಾರ್ಸೆಲ್ಲಾ?" ಎಂದ ಓಬುಳೇಶ.

"ಹೂಂ ಕಣಣ್ಣ, ನಾನೇ ಹೋಯ್ತೀನಿ" ಎಂದಷ್ಟೇ ಹೇಳಿ ತಿಪ್ಪೇಶ ಕಿಟಕಿಯ ಪಕ್ಕ ಕೂತ. ಮಡಕಶಿರ, ಪಾವಗಡ ದಾಟಿ ಕಂಬದೂರಿಗೆ ಬರುವ ಹೊತ್ತಿಗೆ ಪಟ್ಟಿಯನ್ನು ಮೂರು ಸಲ ಓದಿ, ಹದಿನಾಲ್ಕನೆಯದು ಹನ್ನೊಂದರ ಜಾಗದಲ್ಲಿರಬೇಕಿತ್ತೇನೋ ಎಂದು ಕೊರಗಿದ್ದೂ ಆಯಿತು.

ಅಕ್ಕ ಬಾಗಿಲಲ್ಲೇ ನಿಂತಿದ್ದಳು. ಮುಂಚಿಗಿಂತ ಸಣ್ಣಗಾಗಿದ್ದಳು.

"ಬಂದ್ಯಾ? ದಾರಿ ಗೊತ್ತಾಯ್ತಾ, ಇಲ್ಲ ಯಾರನ್ನಾದ್ರೂ ಕೇಳ್ಕಂಡ್ ಬಂದ್ಯಾ?"

"ಯಾಕಕ್ಕಾ ಹಂಗಂತೀಯ?"

"ಏಳ್ ವರ್ಷ ಆತಲ್ಲ, ಅದುಕ್ಕೇ ಕೇಳ್ದೆ. ಬಾ, ಮುದ್ದೆ ಆರೋಯ್ತೈತೆ."

ಊಟ ಆಯಿತು. ಆನಂದಕುಮಾರ ಹೊಸ ಹಾಸನ್ನು ಎಳೆದು ಕಟ್ಟಿದ. ತಿಪ್ಪೇಶ ಎಡಗಡೆ ಕೂತು ಬೂದಿಯ ಡಬ್ಬಿ ತೆಗೆದ. ಸ್ಪೀಕರನ್ನು ಕಂಬಕ್ಕೆ ನೇತುಹಾಕುವಾಗ, ಅಕ್ಕ ಸೆರಗು ಸಿಕ್ಕಿಸಿಕೊಂಡು ಬಲಗಡೆ ಬಂದು ಕೂತಳು.

"ಅತ್ತೆ, ನಿಮ್ ಕಣ್ಣು..." ಎಂದ ಆನಂದಕುಮಾರ.

"ಕಣ್ಣಾಗೆ ಯಾರಪ್ಪಾ ಕೆಚ್ತಾರೆ? ನೀನ್ ಆ ಕಡೆ ಹೋಗು."

ಮೊದಲ ಹಾಡು ಶುರುವಾಯಿತು. ಅಕ್ಕನ ಬೆರಳುಗಳು ಏಳು ವರ್ಷ ಬಿಟ್ಟಂತೆ ಕಾಣಲೇ ಇಲ್ಲ. ಹಳೆಯದೊಂದು, ಹೊಸದೊಂದು, ಒಂದು ಹೊಸೆತ, ಮುಂದಿನದು. ತಿಪ್ಪೇಶ ಕದ್ದು ಕದ್ದು ಅವಳ ಮುಖ ನೋಡಿದ. ನೀರಿನ ಕ್ಯಾನಿನ ಹುಡುಗರು ಬಂದು ಹೋದರು. ಮುಖದಲ್ಲಿ ಏನೂ ಇಲ್ಲ. ಕುಕ್ಕರ್ ಕೂಗಿತು, ಅಡಿಗೆಮನೆಯಿಂದ ಬನಶ್ರೀ "ನಮ್ದಾ?" ಎಂದು ಓಡಿಬಂದಳು, ಅಕ್ಕನ ತುಟಿ ಅಲುಗಲಿಲ್ಲ. ಮರಳುನಾಡಿನ ಮುದುಕ, ಬೆಟ್ಟದ ಹುಡುಗಿ, ಯಾರಿಗೂ ಅವಳು ತಲೆಯೆತ್ತಲಿಲ್ಲ. ಇಪ್ಪತ್ತೆರಡನೆಯದು ಬಂತು. ಅದು ಎಲ್ಲೂ ಸಿಗುವ ಹಾಡಲ್ಲ. ಬೇಸಿಗೆಯಲ್ಲಿ ಮಡಕಶಿರದ ಹತ್ತಿರ ಬಸ್ಸು ಕೆಟ್ಟು ನಿಂತಾಗ, ಕುರಿ ಮೇಯಿಸುವ ಅಜ್ಜನೊಬ್ಬ ಹುಣಸೆಮರದ ಕೆಳಗೆ ಊದುತ್ತಿದ್ದ ಕೊಳಲನ್ನು ತಿಪ್ಪೇಶ ಕೇಳಿ ಒಪ್ಪಿಸಿ ಫೋನಿಗೆ ಹಿಡಿದುಕೊಂಡಿದ್ದ. ಇದಕ್ಕಾದರೂ ಅಕ್ಕ ಏನಾದರೂ ಅಂದಾಳು ಎಂದು ಕಣ್ಣು ಕೀಳದೆ ನೋಡಿದ. ಅವಳು ಬೆರಳಿಗೆ ಬೂದಿ ಮುಟ್ಟಿಸಿಕೊಂಡಳು, ಅಷ್ಟೆ. ಮುಗಿಯಿತು, ಇದೇ ಕೊನೆಯ ಕಾರ್ಡು ಎಂದುಕೊಂಡು ತಿಪ್ಪೇಶ ತಲೆತಗ್ಗಿಸಿ ಕೆಚ್ಚತೊಡಗಿದ.

ಇಪ್ಪತ್ತಾರನೆಯ ಹಾಡು ಮುಗಿಯುವುದಕ್ಕೂ ಇಬ್ಬರ ಕೈ ಹಾಸಿನ ನಡುವಿಗೆ ಬರುವುದಕ್ಕೂ ಸರಿಹೋಯಿತು. ಆದರೆ ಕೊನೆಯಲ್ಲಿ ಹಳೆಯ ಎಳೆಯೊಂದು ಜೋಡಿಯಿಲ್ಲದೆ ಉಳಿದುಬಿಟ್ಟಿತು. ಹೊಸ ಎಳೆ ಒಂದೂ ಇಲ್ಲ. ಎಲ್ಲೋ ಒಂದು ಕಡೆ ಹೊಸ ಎಳೆ ಎರಡನ್ನು ಒಂದೇ ಹಳೆಯ ಎಳೆಗೆ ಹೊಸೆದಿದ್ದಾರೆ. ಅಲ್ಲಿಂದ ಮುಂದಿನದೆಲ್ಲ ಒಂದೊಂದು ಎಳೆ ಪಕ್ಕಕ್ಕೆ ಸರಿದಿದೆ. ಬಿಚ್ಚಿ ಮತ್ತೆ ಕೆಚ್ಚಬೇಕು. ಎಲ್ಲಿಂದ ಎನ್ನುವುದೇ ಗೊತ್ತಿಲ್ಲ. ಸಾವಿರಾರು ಎಳೆಯಲ್ಲಿ ಒಂದನ್ನು ಹುಡುಕುವುದೆಂದರೆ ಸಂಜೆಯಾಗುತ್ತದೆ. ತಿಪ್ಪೇಶನ ಮೂವತ್ತನಾಲ್ಕು ವರ್ಷದ ಕೆಲಸದಲ್ಲಿ ಇಂಥದ್ದು ಆಗಿದ್ದು ಕಡಿಮೆ.

"ನನ್ ಕಡೆ ಅಲ್ಲ" ಎಂದಳು ಸರಸ್ವತಮ್ಮ.

"ನನ್ದೇ ಇರ್ಬೇಕಕ್ಕಾ. ಎಲ್ಲಿ ಅಂತ ಹುಡ್ಕೋದು?"

"ಹುಡ್ಕೋದ್ಯಾಕೆ? ಆ ಕೊಳಲು ಬಂತಲ್ಲ, ಮಧ್ಯದಾಗೆ ಕುರಿ ಅರಚ್ಕಂತಲ್ಲ, ಆವಾಗ ನೀನು ಕೋತಿ ನೋಡ್ದಂಗೆ ನನ್ ಮಕ ನೋಡ್ತಾ ಕೂತಿದ್ದೆ. ಕೈ ಮಾತ್ರ ಅದ್ರ ಪಾಡಿಗೆ ಅದು ಆಡ್ತಿತ್ತು."

ಸರಸ್ವತಮ್ಮ ಎದ್ದು ಬಂದು ಅವನ ಕಡೆಯ ಹಾಸಿನ ಮೇಲೆ, ನಡುವಿನಿಂದ ಎಡಕ್ಕೆ, ಬೆರಳುಗಳನ್ನು ಒಂದರ ಪಕ್ಕ ಒಂದು ಊರಿದಳು.

"ಒಂದ್ ಹಾಡ್ಗೆ ಒಂದ್ ಬೆರಳಗಲ ಕೆಚ್ತೀಯ ನೀನು, ಮೊದ್ಲಿಂದ್ಲೂ ಅಷ್ಟೇಯ. ಇದು ಕಡೇದು, ಆ ಮಗು ಮಲಗ್ಸೋ ಹಾಡು. ಇದು ಇಬ್ರು ಜಗಳ ಆಡ್ದಂಗೆ ಹಾಡ್ತಾರಲ್ಲ, ಅದು. ಇದು ಪಿಟೀಲು. ಇದು ಅದ್ಯಾವ್ದೋ ಬಾಯ್ ಮುಚ್ಕಂಡೇ ಹಾಡಿದ್ದು." ನಾಲ್ಕು ಬೆರಳು ಮುಗಿದವು. ಇನ್ನೊಂದು ಕೈಯ ತೋರುಬೆರಳನ್ನು ಅದರ ಪಕ್ಕ ಇಟ್ಟಳು. "ಇಲ್ಲಿ ನೋಡು, ಕೊಳಲು."

ತಿಪ್ಪೇಶ ಬಗ್ಗಿ, ಆ ಬೆರಳಗಲದ ಎಳೆಗಳನ್ನು ಒಂದೊಂದಾಗಿ ಉಗುರಿನಿಂದ ಬಿಡಿಸಿ ನೋಡಿದ. ಮೂವತ್ತೋ ನಲವತ್ತೋ ಎಳೆ ದಾಟುವಷ್ಟರಲ್ಲಿ ಸಿಕ್ಕಿತು. ಒಂದೇ ಹಳೆಯ ಎಳೆಗೆ ಎರಡು ಹೊಸದು, ಒಳ್ಳೇ ಬಿಗಿಯಾಗಿಯೇ ಹೊಸೆದುಕೊಂಡಿದ್ದವು.

"ಅಕ್ಕಾ, ನೀನು ಎಲ್ಲಾ ಕೇಳ್ತಿದ್ಯಾ?"

"ಕಿವಿ ಐತಲ್ಲ."

"ಮತ್ತೆ ಒಂದ್ ಮಾತೂ ಆಡ್ಲಿಲ್ಲ?"

"ಕೆಚ್ಚುವಾಗ ಯಾರ್ಲಾ ಮಾತಾಡ್ತಾರೆ? ಬೀದೀಲಿ ಕೇಳಿದ್ರೆ ನಗ್ತಾರೆ." ಅವಳು ತಪ್ಪಿದ ಎಳೆಯನ್ನು ತಾನೇ ಬಿಚ್ಚಿದಳು. ಆಮೇಲೆ ತಲೆಯೆತ್ತದೆ ಹೇಳಿದಳು: "ಹೋದ್ ವರ್ಷದ್ದು ಇದಕ್ಕಿಂತ ಚೆನ್ನಾಗಿತ್ತು. ಅದ್ಕೂ ಹಿಂದಿನ ವರ್ಷದ್ದು ಸುಮಾರು. ಏಳ್ನೇದೂ ಎಂಟ್ನೇದೂ ಒಂದೇ ತರ ಇದ್ವು, ಒಂದು ತೆಗೀಬೇಕಿತ್ತು."

ಬಾಗಿಲಲ್ಲಿ ನಿಂತಿದ್ದ ಬನಶ್ರೀ ಸೊಂಟದ ಮೇಲೆ ಕೈಯಿಟ್ಟಳು. "ಅದುಕ್ಕೇನಾ ಆ ಒಡೆದೋದ ಹಳೇ ಫೋನು ದಿನಾ ಚಾರ್ಜಿಗೆ ಹಾಕ್ತೀಯ? ರಾಟೆ ಹತ್ರ ಇಟ್ಕಂಡು ಟೈಮ್ ನೋಡ್ತೀನಿ ಅಂತಿದ್ದೆ!"

"ಟೈಮೂ ನೋಡ್ತೀನಿ" ಎಂದಳು ಸರಸ್ವತಮ್ಮ.

"ನಂಗೆ ಫೋನಾಗಾದ್ರೂ ಹೇಳ್ಬೌದಿತ್ತಲ್ಲಕ್ಕಾ" ಎಂದ ತಿಪ್ಪೇಶ. "ಇದೇ ಕಡೇದು, ಮುಂದಿನ ವರ್ಷದಿಂದ ಕಾರ್ಡ್ ಮಾಡದ್ ಬ್ಯಾಡ ಅಂತಿದ್ದೆ."

ಸರಸ್ವತಮ್ಮ ಈಗ ಅವನ ಕಡೆ ತಿರುಗಿದಳು. "ಹಾಡ್ ಕಳಿಸ್ತೀಯ, ನೀನ್ ಬರಾಕಿಲ್ಲ. ಚೆನ್ನಾಗೈತೆ ಅಂದ್ಬುಟ್ರೆ ನೀನು ಅಲ್ಲೇ ಖುಷಿಯಾಗಿ ಕೂತ್ಕಂಬುಡ್ತೀಯ. ಹೇಳ್ದಿದ್ರೆ ಯಾಕೆ ಅಂತ ಕೇಳಕ್ಕಾದ್ರೂ ಬತ್ತೀಯ ಅಂದ್ಕಂಡಿದ್ದೆ. ಏಳ್ ವರ್ಷ ತಗಂಡೆ. ನಿನ್ ತಲೆ ಯಾವಾಗ್ಲೂ ನಿಧಾನವೇ ಕಣ್ಲಾ."

ತಿಪ್ಪೇಶ ಕಣ್ಣು ಒರೆಸಿಕೊಂಡ, ಬೆರಳಿನ ಬೂದಿ ಕೆನ್ನೆಗೆ ಬಳಿದುಕೊಂಡಿತು. ಬನಶ್ರೀ ಕಿಸಕ್ಕನೆ ನಕ್ಕಳು.

"ಮಕ ಆಮೇಲ್ ತೊಳ್ಕಳೀವಂತೆ, ಕೂತ್ಕ" ಎಂದಳು ಅಕ್ಕ. "ನೀನು ಆ ಕಡೆಯಿಂದ ಬಾ, ನಾನು ನಡುವಿನಿಂದ ಬತ್ತೀನಿ. ಹಾಡು ಕೊಳಲಿಂದ ಹಾಕು."

ಕೊಳಲಿನ ಮುಂದಿನ ಎಳೆಗಳನ್ನೆಲ್ಲ ಬಿಚ್ಚಿ, ಇಬ್ಬರೂ ಮತ್ತೆ ಎರಡು ಕಡೆಯಿಂದ ಶುರುಮಾಡಿದರು. ಈ ಸಲ ತಿಪ್ಪೇಶ ಯಾರ ಮುಖವನ್ನೂ ನೋಡಲಿಲ್ಲ. ಕುರಿ ಅರಚುವ ಕಡೆ ಮಾತ್ರ ಅಕ್ಕ ಮೂಗಿನಲ್ಲೇ ನಕ್ಕದ್ದು ಕೇಳಿಸಿತು. ಇಬ್ಬರು ಸೇರಿದ್ದರಿಂದ ಕೆಲಸ ಬೇಗ ಮುಗಿಯಿತು. ಕೊನೆಯ ಹಳೆಯ ಎಳೆಗೆ ಕೊನೆಯ ಹೊಸ ಎಳೆ ಸರಿಯಾಗಿ ಸಿಕ್ಕಿತು, ಸರಸ್ವತಮ್ಮ ಅದನ್ನು ಹೊಸೆದಳು. ಸ್ಪೀಕರಿನಲ್ಲಿ ಪಿಟೀಲು ಆಗಷ್ಟೇ ನಿಲ್ಲುತ್ತಿತ್ತು.

"ಆಯ್ತಾ ಅತ್ತೆ? ಹಾಸು ಎಳೀಲಾ?" ಎಂದು ಆನಂದಕುಮಾರ ಮಗ್ಗದ ಹತ್ತಿರ ಬಂದ.

ಸರಸ್ವತಮ್ಮ ಕೈಯೆತ್ತಿ ತಡೆದಳು. "ಇರಪ್ಪಾ, ಇನ್ನೂ ಎರಡೈತೆ."

ಜಗಳ ಆಡಿದಂತೆ ಹಾಡುವ ಇಬ್ಬರು ಶುರುಮಾಡಿದರು. ಅಕ್ಕ ತಮ್ಮ ಇಬ್ಬರೂ ಮಾಡಲು ಏನೂ ಕೆಲಸವಿಲ್ಲದ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ಕೇಳುತ್ತ ಕೂತರು.

"ಈ ಗಂಡಸು ಏನಂತವ್ನೆ?" ಎಂದು ಕೇಳಿದಳು ಸರಸ್ವತಮ್ಮ.

"ನಂಗೂ ಗೊತ್ತಿಲ್ಲಕ್ಕಾ."

"ಏನಂದ್ರೂ ತಪ್ಪು ಅವನ್ದೇಯ" ಎಂದಳು ಅವಳು.