ಕೊಸರಿನ ಕಾಟಾ ಮತ್ತು ಭಾನುವಾರದ ರೇಸು

ವಸಂತಿಗೆ ಹೆದರಲು ಕಾರಣವೇ ಬೇಕೆಂದಿಲ್ಲ. ಕಾರಣವಿದ್ದರೆ ಅವಳ ಹೆದರಿಕೆಗೆ ಒಂದು ಕೆಲಸ ಸಿಕ್ಕಂತಾಗುತ್ತದೆ, ಅಷ್ಟೇ. ಸದಾಶಿವ ಪೇಠೆಯಲ್ಲಿ ಗಂಡ ಸುಬ್ಬಯ್ಯನ ಹೋಟೆಲು ಮದುವೆಯಾದಾಗಿನಿಂದಲೂ ಚೆನ್ನಾಗಿಯೇ ನಡೆದಿದೆ. ಆದರೂ ಪ್ರತಿ ಬೆಳಿಗ್ಗೆ ಹಿಟ್ಟು ಹುಳಿ ಬಂದಿದೆಯೋ ಇಲ್ಲವೋ ಎಂದು ಅವಳ ಎದೆ ಒಮ್ಮೆ ಧಸಕ್ಕೆನ್ನಲೇಬೇಕು. ಇಂಥ ಹೆಂಗಸು ಪುಣೆಯ ಕನ್ನಡಿಗರ ಸೈಕಲ್ ರೇಸು ನಡೆಸುವ ಹೊಣೆ ಹೊತ್ತದ್ದು ಮೈಮೇಲೆ ಇರುವೆ ಬಿಟ್ಟುಕೊಂಡ ಹಾಗೆಯೇ ಸರಿ.

ರೇಸೆಂದರೆ ರಸ್ತೆಯ ರೇಸಲ್ಲ. ಹಿಂದಿನ ಚಕ್ರ ಬಿಚ್ಚಿದ ಸೈಕಲ್ಲನ್ನು ಒಂದು ಯಂತ್ರಕ್ಕೆ ಸಿಕ್ಕಿಸಿ, ಅವರವರು ಅವರವರ ಮನೆಯಲ್ಲೇ ತುಳಿಯುವುದು. ಎದುರಿನ ಪರದೆಯಲ್ಲಿ ಗುಡ್ಡ, ತಿರುವು, ಒಬ್ಬೊಬ್ಬರಿಗೂ ಒಂದೊಂದು ಗೊಂಬೆ. ಕಾಲಿನ ಬಲವನ್ನು ಯಂತ್ರ ಅಳೆಯುತ್ತದೆ, ಮೈತೂಕವನ್ನು ಮಾತ್ರ ನಾವೇ ಬರೆದು ಕೊಡಬೇಕು. ತೂಕ ಕಡಿಮೆ ಬರೆದವರ ಗೊಂಬೆ ಗುಡ್ಡವನ್ನು ಅರಳೆಯ ಹಾಗೆ ಹಾರಿ ಏರುತ್ತದೆ. ಮೋಸಕ್ಕೆ ಇಷ್ಟು ಸಲೀಸಾದ ಆಟ ಇನ್ನೊಂದಿಲ್ಲ.

ಮೊದಲು ನಡೆಸುತ್ತಿದ್ದವರು ಅರ್ಧ ಜನ ಸೇರುವ ಮೊದಲೇ ರೇಸು ಶುರು ಮಾಡಿಬಿಡುತ್ತಿದ್ದರು. ಆಮೇಲೆ ಫಲಿತಾಂಶಕ್ಕೆ ಜಗಳ. ಭಾನುವಾರ ಹೋಟೆಲಿನೆದುರಿನ ಸಾಲನ್ನು ಸಂಭಾಳಿಸುವ ವಸಂತಿಗೆ, “ಇದೂ ಒಂದು ಸಾಲೇ ಅಲ್ವಾ ಅಕ್ಕ” ಎಂದು ಎಲ್ಲರೂ ಸೇರಿ ಹೊಣೆಯನ್ನು ಗಂಟು ಹಾಕಿದರು. ಮಗಳು ದೀಕ್ಷಿತಾ ತುಳಿಯುವ ರೇಸೆಂದು ಅವಳೂ ಒಪ್ಪಿದಳು. ಮಗಳು ಒಮ್ಮೆ ಗೆದ್ದದ್ದೇ ತಡ, ‘ಅಮ್ಮನ ರೇಸು, ಮಗಳ ಗೆಲುವು’ ಎಂಬ ಪಿಸುಮಾತು ಗುಂಪಿನಲ್ಲಿ ಹರಿದಾಡಿತು.

ಆ ಉರಿಗೆ ಅವಳು ನಿಯಮ ತಂದಳು. ರೇಸಿನ ಬೆಳಿಗ್ಗೆ ಎಲ್ಲರೂ ತೂಕದ ಯಂತ್ರದ ಮೇಲೆ ನಿಂತು ವಿಡಿಯೋದಲ್ಲಿ ತೋರಿಸಬೇಕು. ಬರೆದದ್ದಕ್ಕಿಂತ ಹೆಚ್ಚು ತೂಗಿದವರ ಫಲಿತಾಂಶ ಅಂದು ಇಲ್ಲ. ಮೊದಲ ಏಟು ಬಿದ್ದದ್ದು ತ್ರಿವೇಣಿಗೆ. ಧಾರವಾಡದ ಕಡೆಯ ಹುಡುಗಿ, ಸ್ವಾರಗೇಟಿನ ಹತ್ತಿರ ಆಫೀಸು, ದೀಕ್ಷಿತಾಳಿಗೆ ಸರಿಸಾಟಿ ಎಂದರೆ ಅವಳೊಬ್ಬಳೇ. ಹಬ್ಬದ ಹೋಳಿಗೆ ಉಂಡು ಒಂದು ಕಿಲೋ ಏರಿತ್ತು, ಬರೆದುಕೊಟ್ಟಿದ್ದ ಹಳೆಯ ತೂಕ ಹಾಗೇ ಉಳಿದಿತ್ತು. “ಮರ್ತಿದ್ದೆ ರೀ ಅಕ್ಕಾರ. ಇರ್ಲಿ, ನಿಯಮ ಅಂದ್ರ ನಿಯಮ” ಎಂದು ಸುಮ್ಮನಾದಳು. ಅವಳು ಜಗಳ ತೆಗೆದಿದ್ದರೆ ವಸಂತಿಗೆ ಎಷ್ಟೋ ನೆಮ್ಮದಿಯಾಗುತ್ತಿತ್ತು.

ಈ ಭಾನುವಾರದ್ದು ಆಯ್ಕೆಯ ರೇಸು. ಬೇರೆ ಊರುಗಳ ಎದುರು ಆಡುವ ಪುಣೆಯ ತಂಡದಲ್ಲಿ ಹೆಂಗಸರಿಗೆ ಉಳಿದದ್ದು ಒಂದೇ ಜಾಗ. ಅದಕ್ಕಾಗಿ ದೀಕ್ಷಿತಾ ಮಳೆಗಾಲವಿಡೀ ತುಳಿದಿದ್ದಳು. ಬೆವರು ಬಿದ್ದೂ ಬಿದ್ದೂ ಸೈಕಲ್ಲಿನ ಕೆಳಗಿನ ಚಾಪೆಯ ಬಣ್ಣವೇ ಹೋಗಿತ್ತು.

ಬೆಳಿಗ್ಗೆಯಿಂದ ವಸಂತಿ ಕಾಲು ಸುಟ್ಟ ಬೆಕ್ಕಿನ ಹಾಗೆ ಮನೆಗೂ ಹೋಟೆಲಿಗೂ ನಡುವಿನ ಮೆಟ್ಟಿಲು ಹತ್ತಿ ಇಳಿದಳು. ಕರೆಂಟು ಹೋದರೆ? ನೆಟ್ ನಿಂತರೆ? ಮಗಳು ಸೋತರೆ? ಅದಕ್ಕಿಂತ ಹೆಚ್ಚಾಗಿ, ಗೆದ್ದರೆ? ಮನೆಯ ತೂಕದ ಯಂತ್ರ ನಿಂತಾಗೊಂದು, ಕದಲಿದಾಗೊಂದು ಅಂಕಿ ತೋರಿಸತೊಡಗಿತ್ತು. ಅದರ ಸಹವಾಸವೇ ಬೇಡವೆಂದು ಮಗಳನ್ನು ಕೆಳಗೆ ಕರೆತಂದು, ಹಿಟ್ಟು ತೂಗುವ ಕಾಟಾದ ಮೇಲೆ ಹತ್ತಿಸಿ, ಆಮೇಲೆ ಕ್ಯಾಮೆರಾ ತಿರುಗಿಸಿದಳು. ದೊಡ್ಡ ಮುಳ್ಳಿನ, ಸರಕಾರದ ಮುದ್ರೆಯಿದ್ದ ಕಾಟಾ. “ಇದಕ್ಕಿಂತ ಸಾಚಾ ಬೇಕಾ?” ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು. ತೂಕ ಎಣಿಸಿದ್ದಕ್ಕಿಂತ ಕಡಿಮೆಯೇ ಬಂತು. ಪಟ್ಟ ಕಷ್ಟಕ್ಕೆ ಮೈ ಇಳಿದಿದೆ ಎಂದುಕೊಂಡು ಅದನ್ನೇ ಬರೆದರು.

ಕೊನೆಯ ಗುಡ್ಡದಲ್ಲಿ ದೀಕ್ಷಿತಾ ಮತ್ತು ತ್ರಿವೇಣಿಯ ಗೊಂಬೆಗಳು ತುದಿಯವರೆಗೂ ಹೆಗಲಿಗೆ ಹೆಗಲು ಕೊಟ್ಟೇ ಏರಿದವು. ದೀಕ್ಷಿತಾ ಕೂದಲೆಳೆಯಲ್ಲಿ ಗೆದ್ದಳು. ಗೆದ್ದವಳು ಸೈಕಲ್ಲಿನ ಮೇಲೇ ಬಗ್ಗಿ ಅತ್ತಳು, ಅವಳ ಬೆನ್ನು ಸವರುತ್ತ ವಸಂತಿಯೂ ಅತ್ತಳು. ಮಧ್ಯಾಹ್ನದ ವಿಡಿಯೋ ಸಭೆಯಲ್ಲಿ ಹೆಸರು ಓದುವುದೊಂದು ಬಾಕಿಯಿತ್ತು.

ಮಗಳಿಗೆ ದೋಸೆ ತರಲೆಂದು ಕೆಳಗಿಳಿದಾಗ ಸುಬ್ಬಯ್ಯ ದೇಹೂ ರೋಡಿನ ಕ್ಯಾಂಟೀನಿಗೆ ಹೋಗುವ ಹಿಟ್ಟಿನ ಡಬ್ಬಿ ತೂಗುತ್ತಿದ್ದ. ಡಬ್ಬಿ ಇಳಿಸಿದ. ಮುಳ್ಳು ಹಿಂದಕ್ಕೆ ಬಂತು, ಸೊನ್ನೆಯ ಹತ್ತಿರ ಬಂತು, ಸೊನ್ನೆಯನ್ನೂ ದಾಟಿ ಆಚೆ ಹೋಗಿ ನಿಂತಿತು.

“ಇದೆಂತದು? ಮುಳ್ಳು ಸೊನ್ನೆಯಲ್ಲಿ ನಿಲ್ಲೂದಿಲ್ವಾ?” ವಸಂತಿ ಕೇಳಿದಳು.

ಸುಬ್ಬಯ್ಯ ನಕ್ಕ. “ನಾನೇ ತಿರುಗಿಸಿ ಇಟ್ಟದ್ದು ಮಾರಾಯ್ತಿ. ಡಬ್ಬಿಯ ತೂಕ ಕಳೀಲಿಕ್ಕೆ, ಅದರ ಮೇಲೆ ಒಂದಿಷ್ಟು ಕೊಸರು. ಗಿರಾಕಿಗೆ ಒಂದು ಸೌಟು ಹೆಚ್ಚೇ ಹೋಗ್ಲಿ, ಕಡಿಮೆ ಹೋಗ್ಬಾರ್ದು. ನನ್ನ ಅಪ್ಪನೂ ಹಾಗೇ ಮಾಡ್ತಿದ್ದರು.”

ಹಿಟ್ಟನ್ನು ಕಡಿಮೆ ತೋರಿಸುವ ಕಾಟಾ ಮಗಳನ್ನೂ ಕಡಿಮೆ ತೋರಿಸಿತ್ತು. ಗಿರಾಕಿಗೆ ಧರ್ಮವಾದದ್ದು ರೇಸಿನಲ್ಲಿ ಮೋಸವಾಗಿತ್ತು. ಇಷ್ಟೆಲ್ಲ ನಿಯಮ ಮಾಡಿದವಳಿಗೆ, ಮೊದಲು ಖಾಲಿ ಕಾಟಾ ತೋರಿಸಿ ಎನ್ನಬೇಕೆಂದು ಹೊಳೆದೇ ಇರಲಿಲ್ಲ.

ಅವಳು ಬಿಕ್ಕುತ್ತಲೇ ಎಲ್ಲವನ್ನೂ ಹೇಳಿದಳು. ಸುಬ್ಬಯ್ಯ ದನಿ ತಗ್ಗಿಸಿದ. “ಯಾರು ನೋಡಿದ್ದಾರೆ? ಒಂದೂವರೆ ಕಿಲೋಗೆ ಆಕಾಶ ಬೀಳ್ತದಾ?”

“ತ್ರಿವೇಣಿಗೆ ಒಂದೇ ಕಿಲೋಗೆ ಬಿದ್ದಿತ್ತಲ್ಲ” ಎಂದಳು ವಸಂತಿ.

ಮೆಟ್ಟಿಲು ಅಷ್ಟು ಉದ್ದವೆಂದು ಅವಳಿಗೆ ಎಂದೂ ಅನಿಸಿರಲಿಲ್ಲ. ಅರ್ಧದಲ್ಲಿ ನಿಂತು, ಹೇಳದೇ ಇದ್ದುಬಿಡಲೇ ಎಂದುಕೊಂಡಳು. ಮೇಲಿನಿಂದ ಮಗಳು ಫೋನಿನಲ್ಲಿ ನಗುವುದು ಕೇಳಿಸುತ್ತಿತ್ತು. ಇಂಥ ನಗು ಕೇಳಿ ಎಷ್ಟು ಕಾಲವಾಗಿತ್ತು! ಆದರೆ ‘ನಿಯಮ ಅಂದ್ರ ನಿಯಮ’ ಎಂದವಳ ಮುಖವೂ ಕಣ್ಣೆದುರಿನಿಂದ ಹೋಗಲೊಲ್ಲದು. ಹತ್ತಿದಳು, ಹೇಳಿದಳು.

“ನಾನು ಕದ್ದದ್ದಲ್ಲ ಅಮ್ಮ.”

“ಅಲ್ಲ, ಮಗಾ.”

“ಮತ್ತೆ?”

ಕೋಣೆಯ ಬಾಗಿಲು ಮುಚ್ಚಿಕೊಂಡಿತು.

ಸಭೆಯಲ್ಲಿ ಅವಳು ಮೊದಲು ತೋರಿಸಿದ್ದು ಖಾಲಿ ಕಾಟಾವನ್ನು. ಮುಳ್ಳು ಎಲ್ಲರಿಗೂ ಕಾಣುವಂತೆ ಸುಬ್ಬಯ್ಯನೇ ಬಂದು ಫೋನು ಹಿಡಿದ. “ದೀಕ್ಷಿತಾಳ ಫಲಿತಾಂಶ ಇಲ್ಲ. ಜಾಗ ತ್ರಿವೇಣಿಯದು” ಎಂದಳು ವಸಂತಿ. ಇಷ್ಟು ದಿನ ಪಿಸುಗುಟ್ಟಿದವರಲ್ಲಿ ಒಬ್ಬರೂ ಉಸಿರೆತ್ತಲಿಲ್ಲ.

ತ್ರಿವೇಣಿಯೇ ಮಾತಾಡಿದಳು. “ಅಕ್ಕಾರ, ಹಿಂಗ ಬಂದ ಜಾಗಾ ನನಗ ಬ್ಯಾಡ್ರಿ. ಇನ್ನೊಮ್ಮೆ ಓಡಸ್ರಿ. ಆಕಿ ಭಾಳ ಕಷ್ಟಪಟ್ಟಾಳ.”

ಆಗಲಿ ಎನ್ನಲು ವಸಂತಿಯ ಜೀವ ಹಾತೊರೆಯಿತು. ಆ ಒಂದು ಮಾತಿನಿಂದ ಮೇಲಿನ ಬಾಗಿಲು ತೆರೆಯುತ್ತಿತ್ತು.

“ಹೋದ ಸಲ ನಿನಗೆ ಇನ್ನೊಮ್ಮೆ ಓಡಿಸಲಿಲ್ಲವಲ್ಲ, ತ್ರಿವೇಣಿ” ಎಂದು ಸಭೆ ಮುಗಿಸಿದಳು.

ಸಂಜೆ ದೀಕ್ಷಿತಾ ಕೆಳಗೆ ಬಂದಳು. ಕಣ್ಣು ಊದಿತ್ತು. ಸುಬ್ಬಯ್ಯ ಮುಳ್ಳನ್ನು ಸೊನ್ನೆಗೆ ತಂದಿಟ್ಟು, ಡಬ್ಬಿ ತೂಗಿದ ಮೇಲೆ ಸೌಟಿನಿಂದ ಕೊಸರು ಹಾಕುತ್ತಿದ್ದ. ಅವಳು ಅದನ್ನೇ ನೋಡುತ್ತ ನಿಂತಳು.

“ಅಪ್ಪ ಊರಿಗೆಲ್ಲ ಕೊಸರು ಹಾಕ್ತಾರೆ. ನೀನು ನನಗೊಬ್ಬಳಿಗೆ ಒಂದು ಸೌಟು ಹಾಕಲಿಲ್ಲ, ಅಮ್ಮ.”

ವಸಂತಿ ಕಾವಲಿ ಒಲೆಗಿಟ್ಟಳು. ಬೆಳಿಗ್ಗೆ ತರಲು ಹೋಗಿ ತಾರದೆ ಬಂದ ದೋಸೆಯನ್ನು ಈಗ ಹೊಯ್ದಳು. ಹಿಟ್ಟು ಹುಳಿ ಬಂದಿದೆಯೋ ಎಂದು ನೋಡುವುದು ಅವತ್ತು ಅವಳಿಗೆ ಮರೆತೇ ಹೋಗಿತ್ತು.