ಅರವತ್ತೊಂದು ಕಪ್ಪು ತುಂಡುಗಳು

1995ರ ಅಕ್ಟೋಬರ್ 23, ಸೋಮವಾರ, ಬೆಳಿಗ್ಗೆ 11 ಗಂಟೆ 10 ನಿಮಿಷ. ಆಗ ನಾನು ಮುಂಬೈ ಹತ್ತಿರದ ಡೊಂಬಿವ್ಲಿ ಪೂರ್ವದ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ಎಕ್ಸ್-ರೇ ಟೆಕ್ನಿಷಿಯನ್. ವಯಸ್ಸು ಇಪ್ಪತ್ನಾಲ್ಕು, ಕೆಲಸಕ್ಕೆ ಸೇರಿ ಎರಡು ವರ್ಷ. ಮರುದಿನ ಬೆಳಿಗ್ಗೆ ಸೂರ್ಯಗ್ರಹಣವಿತ್ತು. ರಾಜಸ್ಥಾನದ ಕಡೆ ಪೂರ್ಣ, ನಮ್ಮಲ್ಲಿ ಖಂಡಗ್ರಾಸ.

ಆಕಾಶದ ಹುಚ್ಚು ನನಗೆ ಶಾಲೆಯ ದಿನಗಳಿಂದ ಇದೆ. ಸೂರ್ಯ ಚಂದ್ರನಿಗಿಂತ ಸುಮಾರು ನಾನೂರು ಪಟ್ಟು ದೊಡ್ಡವನು, ಸುಮಾರು ನಾನೂರು ಪಟ್ಟು ದೂರದಲ್ಲಿಯೂ ಇದ್ದಾನೆ. ಆದ್ದರಿಂದಲೇ ಇಬ್ಬರೂ ನಮಗೆ ಒಂದೇ ಅಳತೆ ಕಾಣುತ್ತಾರೆ. ಈ ಲೆಕ್ಕವನ್ನು ಮೊದಲು ಓದಿದ ದಿನ ನನಗೆ ಊಟ ರುಚಿಸಿರಲಿಲ್ಲ. ಎಲ್ಲರೂ ಗ್ರಹಣ ನೋಡಲಿ ಎಂಬ ಆಸೆಯಿಂದ ಒಂಬತ್ತು ದಿನ ಹಳೆಯ ಎಕ್ಸ್-ರೇ ಫಿಲ್ಮುಗಳನ್ನು ಅಂಗೈಯಗಲ ಕತ್ತರಿಸಿ ಹಂಚಿದ್ದೆ. ಯಾರಿಗೆ ಎಷ್ಟು ಎಂದು ಡೈರಿಯಲ್ಲಿ ಬರೆದಿದ್ದೆ. ಒಟ್ಟು ಅರವತ್ತೊಂದು.

ಅಂದು ಅರವತ್ತೊಂದನೆಯದನ್ನು ನರ್ಸ್ ಒಬ್ಬರಿಗೆ ಕೊಡುತ್ತಿದ್ದಾಗ ಹಿಂದಿನಿಂದ ಒಂದು ಕೈ ಬಂದು ಅದನ್ನು ತೆಗೆದುಕೊಂಡಿತು. ಸೋಮವಾರಗಳಂದು ಬರುತ್ತಿದ್ದ ಕಣ್ಣಿನ ಡಾಕ್ಟರ್, ಧಾರವಾಡದ ಕಡೆಯ ಮೇಡಂ. ಅವರು ತುಂಡನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡಿದರು.

"ಇದು ಯಾರದೋ ಪಕ್ಕೆಲುಬು. ಇದರಾಗ ಸೂರ್ಯಾನ್ನ ನೋಡ್ತಾರೇನು?"

"ಕಪ್ಪಗಿದೆಯಲ್ಲ ಮೇಡಂ."

"ಎಲುಬಿದ್ದಲ್ಲೆ ಕಪ್ಪು ಎಲ್ಲದ? ಎಷ್ಟು ಮಂದಿಗೆ ಕೊಟ್ಟೀರಿ?"

"ಅರವತ್ತೊಂದು ತುಂಡು."

"ಲೆಕ್ಕರೆ ಇಟ್ಟೀರಲ್ಲ, ಚಲೋ ಆತು. ಅಷ್ಟೂ ವಾಪಸ್ ತರ್ರಿ. ಮುಂಜಾನಿ ಏಳೂವರಿಯೊಳಗ."

ಆಮೇಲೆ ಅವರು ಬಿಡಿಸಿ ಹೇಳಿದರು. ಎಕ್ಸ್-ರೇ ಫಿಲ್ಮಿನ ಕಪ್ಪು ಎಂದರೆ ಅದರಲ್ಲಿ ಉಳಿದ ಬೆಳ್ಳಿ. ಅದು ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ಎಲುಬಿನ ಜಾಗದಲ್ಲಿ ತೆಳುವಾಗಿರುತ್ತದೆ. ಅಲ್ಲಿಂದ ನುಗ್ಗಿದ ಬೆಳಕು ಕಣ್ಣಿನ ಹಿಂಪರದೆಯನ್ನು, ಅಂದರೆ ರೆಟಿನಾವನ್ನು, ಸುಡುತ್ತದೆ. ರೆಟಿನಾಕ್ಕೆ ನೋವಿನ ಅರಿವಿಲ್ಲ. ಸುಟ್ಟದ್ದು ಗಂಟೆಗಳ ನಂತರವೇ ಗೊತ್ತಾಗುವುದು. ದಿನವೂ ಫಿಲ್ಮ್ ತೊಳೆಯುವ ನನಗೆ ಇದು ಹೊಳೆಯಬೇಕಿತ್ತು. ಹೊಳೆದಿರಲಿಲ್ಲ.

ಲಕ್ಷ್ಮೀಪೂಜೆಯ ದಿನವಾದ್ದರಿಂದ ಒಂದು ಗಂಟೆಗೆ ಬಿಡುವಾಯಿತು. ಡೈರಿ ಹಿಡಿದು ಹೊರಟೆ. ನಾಲ್ಕು ಗಂಟೆಗೆ 29 ಸಿಕ್ಕಿದ್ದವು, ಆರಕ್ಕೆ 47. ನಾನಿದ್ದ ಸಾಲುಮನೆಗಳ ಚಾಳಿನಲ್ಲಿ ಹೋಟೆಲ್ ಕ್ಯಾಷಿಯರ್ ಸುಂದರಣ್ಣ ಬಾಗಿಲಲ್ಲೇ ತಡೆದರು.

"ಕೊಟ್ಟದ್ದನ್ನು ವಾಪಸು ಕೇಳುವುದಾ ಮಾರಾಯ? ಅದೂ ಹಬ್ಬದ ದಿನ! ನಾಳೆ ಹಣತೆಯನ್ನೂ ಕೇಳ್ತೀಯೋ ಏನೋ."

ಅವರ ಮಗಳು ಇಲ್ಲೇ ಹುಟ್ಟಿದವಳು, ಏಳನೆಯ ತರಗತಿ. ತುಂಡನ್ನು ಬೆನ್ನ ಹಿಂದೆ ಹಿಡಿದು ಕೇಳಿದಳು: "ಕಾಕಾ, ಫಿರ್ ಹಮ್ ದೇಖೇಂಗೆ ಕೈಸೆ?"

ಹಾಗಾದರೆ ನಾವು ನೋಡುವುದು ಹೇಗೆ? ಮೆಟ್ಟಿಲ ಮೇಲೆ ಕುಳಿತು ಯೋಚಿಸಿದಾಗ ಶಾಲೆಯ ಸೂಜಿರಂಧ್ರ ಕ್ಯಾಮೆರಾ ನೆನಪಾಯಿತು. ಸುಂದರಣ್ಣನ ಮನೆಯ ಖಾಲಿ ಮಿಠಾಯಿ ಡಬ್ಬಿಯ ಮುಚ್ಚಳಕ್ಕೆ ಸೂಜಿ ಚುಚ್ಚಿ ತೋರಿಸಿದೆ: ಸೂರ್ಯನಿಗೆ ಬೆನ್ನು ಹಾಕಿ ನಿಲ್ಲು, ತೂತಿನಿಂದ ಬಿದ್ದ ಬೆಳಕನ್ನು ಬಿಳಿ ಕಾಗದದ ಮೇಲೆ ನೋಡು. ಅವಳು ತುಂಡು ಕೊಟ್ಟಳು. ಅಲ್ಲಿಂದ ಮುಂದೆ ಪ್ರತಿ ಮನೆಯಲ್ಲೂ ತುಂಡು ತೆಗೆದುಕೊಂಡು ತೂತು ಮಾಡಿದ ರಟ್ಟು ಕೊಟ್ಟೆ. ಎಂಟು ಗಂಟೆಗೆ ಲೆಕ್ಕ 56.

ಉಳಿದವು ಐದು. ಅದರಲ್ಲಿ ನಾಲ್ಕು, ಮಣಿಕಟ್ಟು ಮುರಿದು ಎಕ್ಸ್-ರೇಗೆ ಬಂದಿದ್ದ ಶರಣಪ್ಪನ ಬಳಿ ಇದ್ದವು. ಕಲಬುರಗಿ ಕಡೆಯ ಕಟ್ಟಡ ಕೆಲಸಗಾರ, ನಲವತ್ತರ ಸುಮಾರು. ತನಗೆ, ಮೂವರು ಜೊತೆಗಾರರಿಗೆ ಎಂದು ಕೇಳಿ ಒಯ್ದಿದ್ದ. ರಿಜಿಸ್ಟರಿನಲ್ಲಿ ಇದ್ದ ವಿಳಾಸ ಇಷ್ಟೇ: ಟಿಟ್ವಾಳಾ, ಸ್ಟೇಷನ್ ಪೂರ್ವ, ಹೊಸ ಬಿಲ್ಡಿಂಗ್. ಐದನೆಯದರ ಮುಂದೆ ಡೈರಿಯಲ್ಲಿ ಹೆಸರೇ ಇರಲಿಲ್ಲ. "ಅ. 18, ಸಂಜೆ, ಲೋಕಲ್ ರೈಲಿನಲ್ಲಿ ಕನ್ನಡ ಪೇಪರ್ ಓದುತ್ತಿದ್ದವರು, ನೌಪಾಡಾದಲ್ಲಿ ಅಂಗಡಿ" ಎಂದಷ್ಟೇ ಬರೆದಿದ್ದೆ. ಹಬ್ಬದ ಸಂಜೆ ನೌಪಾಡಾ ಪೇಟೆಯ ಯಾವ ಅಂಗಡಿಯಲ್ಲಿ ಅವರನ್ನು ಹುಡುಕುವುದು? ಸಿಗಬಹುದಾದ ನಾಲ್ಕನ್ನು ಆರಿಸಿಕೊಂಡೆ.

ಮಂಗಳವಾರ ಬೆಳಿಗ್ಗೆ ಆರರ ಲೋಕಲ್ ಹಿಡಿದೆ. ಗ್ರಹಣವೆಂದು ಬೋಗಿ ಖಾಲಿ. ಡೊಂಬಿವ್ಲಿಯಲ್ಲಿ ಕೂರಲು ಜಾಗ ಸಿಕ್ಕಿದ್ದು ಅದೇ ಮೊದಲು. ಟಿಟ್ವಾಳಾ ಪೂರ್ವದಲ್ಲಿ ಹೊಸ ಬಿಲ್ಡಿಂಗುಗಳು ಒಂದಲ್ಲ, ಐದು. ನಾಲ್ಕನೆಯದನ್ನು ತಲುಪಿದಾಗ 7:50. ಗ್ರಹಣ ಹಿಡಿದಾಗಿತ್ತು. ಮೂರನೆಯ ಮಹಡಿಯ ಸ್ಲ್ಯಾಬಿನ ಮೇಲೆ ನಾಲ್ವರು ಪೂರ್ವಕ್ಕೆ ಮುಖಮಾಡಿ ನಿಂತಿದ್ದರು.

"ಶರಣಪ್ಪಣ್ಣಾ, ಕಣ್ಣಿಗೆ ಹಿಡಿಯಬೇಡಿ! ಕೆಳಗಿಳಿಸಿ ಅದನ್ನು!"

ಏದುಸಿರು ಬಿಡುತ್ತ ಹತ್ತಿ ಹೋದೆ. ಅವನು ನಕ್ಕ. "ಏ ಎಕ್ಸ್-ರೇ ತಮ್ಮಾ, ಹಬ್ಬಕ್ಕ ಬಂದ್ಯೇನು?"

ವಿಷಯ ಹೇಳಿದೆ. ನಗು ನಿಂತಿತು. ಆದರೆ ತುಂಡು ಕೊಡಲಿಲ್ಲ.

"ಅವ್ವ ಹೊರಗ ಹೋಗಬ್ಯಾಡ ಅಂತಾಳ. ನೀ ಬಂದು ನೋಡಬ್ಯಾಡ ಅಂತಿ. ಮತ್ತ ನಾವು ನೋಡೋದ್ಯಾವಾಗ? ಇಟ್ಟಂಗಿ ಹೊತ್ತು ಹೊತ್ತು ಬರೇ ನೆಲಾನೇ ನೋಡೀವಿ, ತಮ್ಮಾ."

"ತಪ್ಪು ನನ್ನದು. ತಿಳಿಯದೆ ಕೊಟ್ಟೆ. ಇದರಲ್ಲಿ ನೋಡಿ" ಎಂದು ರಟ್ಟು ಚಾಚಿದೆ.

"ಸೂರ್ಯಾ ಮ್ಯಾಲಿದ್ದಾನ, ನೀ ಕಾಗದ ತೋರಸ್ತಿ!" ಎಂದು ಅವನು ಫಿಲ್ಮನ್ನು ಮತ್ತೆ ಎತ್ತಿದ. ನಾನು ಅವನ ಮುಂದೆ, ಸೂರ್ಯನಿಗೆ ಅಡ್ಡವಾಗಿ ನಿಂತೆ. ಅವನು ಎಡಕ್ಕೆ ಸರಿದರೆ ನಾನೂ ಸರಿದೆ. ಜೊತೆಗಾರರು ನಗತೊಡಗಿದರು. ಎಷ್ಟು ಹೊತ್ತು ಹಾಗೆ ಆಡಿದೆವೋ, ಡೈರಿಯಲ್ಲಿಲ್ಲ. ಅಷ್ಟರಲ್ಲಿ ಕೆಳಗಿನ ತಗಡಿನ ಶೆಡ್ಡಿನಿಂದ ಅವನ ತಾಯಿಯ ಕೂಗು ಕೇಳಿತು.

"ಶರಣ್ಯಾ! ಬಾರೋ! ಸೂರ್ಯಾ ಮನ್ಯಾಗ ಬಿದ್ದಾನೋ!"

ಎಲ್ಲರೂ ಇಳಿದು ಓಡಿದೆವು. ಗ್ರಹಣದ ಭಯಕ್ಕೆ ಬಾಗಿಲು ಹಾಕಿ, ಕಿಟಕಿಗೆ ಗೋಣಿಚೀಲ ತುರುಕಿದ್ದರು. ಒಳಗೆ ಕತ್ತಲೆ. ಆ ಶೆಡ್ಡಿನ ತಗಡುಗಳು ಬೇರೆ ಸೈಟುಗಳಲ್ಲಿ ಬಳಸಿ ತಂದವು. ಪೂರ್ವದ ಗೋಡೆಯ ತುಂಬ ಹಳೆಯ ಮೊಳೆಗಳ ತೂತು. ಪ್ರತಿ ತೂತಿನಿಂದಲೂ ಒಂದು ಸೂರ್ಯ ಒಳಗೆ ಬಂದಿದ್ದ. ಎದುರು ಗೋಡೆಯ ಮೇಲೆ, ನೀರಿನ ಕೊಡದ ಮೇಲೆ, ಗರ್ಭಿಣಿ ಸೊಸೆ ಹೊದ್ದ ದುಪ್ಪಟಿಯ ಮೇಲೆ ಕುಡುಗೋಲಿನಂತೆ ಬಾಗಿದ ಬೆಳಕು. ಎಣಿಸಿದೆ: ಹದಿನೇಳು. ಎಲ್ಲವೂ ಒಂದೇ ಕಡೆ ಕಚ್ಚಿಸಿಕೊಂಡಿದ್ದವು.

ಶರಣಪ್ಪ ಪ್ಲಾಸ್ಟರ್ ಹಾಕಿದ ಕೈಯನ್ನು ಬೆಳಕಿಗೆ ಒಡ್ಡಿದ. ಬಿಳಿ ಪ್ಲಾಸ್ಟರಿನ ಮೇಲೆ ಸೂರ್ಯ ಸ್ಪಷ್ಟವಾಗಿ ಕುಳಿತ. ನಾನು ನಾನೂರರ ಲೆಕ್ಕ ಹೇಳಿದೆ. ತಾಯಿ ಅದನ್ನು ಕೇಳಿಸಿಕೊಂಡರೋ ಇಲ್ಲವೋ.

"ಹೊರಗ ಬರಬ್ಯಾಡ ಅಂದ್ರ ಒಳಗೇ ಬಂದಾನಲ್ಲೋ, ಯಪ್ಪಾ" ಎಂದರು. ದನಿಯಲ್ಲಿ ಭಯ ಕಡಿಮೆಯಾಗಿತ್ತು.

ಶರಣಪ್ಪ ಗೋಡೆಯಿಂದ ಕಣ್ಣು ತೆಗೆಯದೆ ನಾಲ್ಕೂ ತುಂಡುಗಳನ್ನು ನನ್ನ ಕೈಗಿಟ್ಟ. ಲೆಕ್ಕ 60.

ನಾನು ಬರುವ ಮುಂಚೆ ಅವನು ಫಿಲ್ಮ್ ಹಿಡಿದು ಎರಡು ಸಲ ಸೂರ್ಯನನ್ನು ನೋಡಿದ್ದ. ಮುಂದಿನ ಸೋಮವಾರ ಮೇಡಂ ಪರೀಕ್ಷಿಸಿದಾಗ ಬಲಗಣ್ಣಿನ ನಡುವೆ ಸಣ್ಣ ಮಸುಕು ಇತ್ತು. ನವೆಂಬರಿನಲ್ಲೂ ಇತ್ತು. ಜನವರಿಯಲ್ಲಿ "ಮಸುಕು ಹೋತು" ಎಂದ. ಆ ಮೂರು ತಿಂಗಳು ಡೈರಿಯಲ್ಲಿ ಆಕಾಶದ ಬಗ್ಗೆ ಒಂದು ಸಾಲೂ ಇಲ್ಲ.

ಈಗ ನವಿ ಮುಂಬೈಯ ಆಸ್ಪತ್ರೆಯೊಂದರಲ್ಲಿದ್ದೇನೆ. ಒಂದು ವಸ್ತುವನ್ನು ಇನ್ನೊಬ್ಬರ ಕೈಗಿಡುವ ಮುಂಚೆ ಅದು ಏನು ಮಾಡಬಲ್ಲದೆಂದು ಕೇಳಿ ತಿಳಿಯುವುದನ್ನು ಆ ಎರಡು ದಿನ ನನಗೆ ಕಲಿಸಿದವು. "ನೋಡಬೇಡಿ" ಎಂದಷ್ಟೇ ಹೇಳಿದರೆ ಅರ್ಧ ಕೆಲಸ. ಹೇಗೆ ನೋಡಬೇಕೆಂದೂ ತೋರಿಸಬೇಕು.

ಇದನ್ನು ಬರೆಯುತ್ತಿರುವುದು 1999ರ ಜೂನ್‌ನಲ್ಲಿ. ಬರುವ ಆಗಸ್ಟ್ 11ರ ಸಂಜೆ ಮತ್ತೆ ಸೂರ್ಯಗ್ರಹಣ. ಮಳೆಮೋಡ ಬಿಟ್ಟರೆ ನಮಗೂ ಕಾಣುತ್ತದೆ. ಲೋಕಲ್‌ನಲ್ಲಿ ನನ್ನಿಂದ ಫಿಲ್ಮ್ ತುಂಡು ಪಡೆದ, ಕನ್ನಡ ಪೇಪರ್ ಓದುತ್ತಿದ್ದ ನೌಪಾಡಾದ ಅಂಗಡಿಯವರೇ, ಅದು ನಿಮ್ಮ ಗಲ್ಲಾಪೆಟ್ಟಿಗೆಯಲ್ಲಿ ಇನ್ನೂ ಇದ್ದರೆ ದಯವಿಟ್ಟು ಇವತ್ತೇ ಎಸೆಯಿರಿ. ನೀವು ಈ ಸಾಲುಗಳನ್ನು ಓದಬಲ್ಲಿರಾದರೆ, ಅಥವಾ ನಿಮ್ಮನ್ನು ಬಲ್ಲ ಯಾರಾದರೂ ಓದುತ್ತಿದ್ದರೆ, ಈ ಪತ್ರಿಕೆಗೆ ಒಂದು ಕಾರ್ಡ್ ಬರೆಯಿರಿ. ನಿಮ್ಮ ಕಣ್ಣು ಹೇಗಿದೆ ಎಂಬುದಷ್ಟೇ ಸಾಕು. ಡೈರಿಯಲ್ಲಿ ಆ ಸಾಲಿನ ಮುಂದೆ ಜಾಗ ಬಿಟ್ಟಿದ್ದೇನೆ.